ವೇದಿಕೆಗೆ ಬೇಕು, ಸ್ಟುಡಿಯೋಗೆ ಬೇಡವೇ?

ವೇದಿಕೆ ಮೇಲೆ ಕೀಬೋರ್ಡ್ ನುಡಿಸಲು ಬೇಕು. ಟೀವಿ ಕ್ಯಾಮೆರಾ ಮುಂದೆ ನಿಲ್ಲಲು ಬೇಕು. ಆಲ್ಬಂ ರೆಕಾರ್ಡಿಂಗ್ ಶುರುವಾದರೆ ಮಾತ್ರ ಬಾಗಿಲ ಹೊರಗಿರಬೇಕು! ಇದು ಯಾವ ನ್ಯಾಯ ಸ್ವಾಮಿ? 1982ರಲ್ಲಿ ಇಂಗ್ಲೆಂಡಿನ ಡೆಪೆಷ್ ಮೋಡ್ ತಂಡ ತನ್ನ ಎರಡನೇ ಆಲ್ಬಂ ‘ಎ ಬ್ರೋಕನ್ ಫ್ರೇಮ್’ ಮಾಡುವಾಗ ಅಲನ್ ವೈಲ್ಡರ್ ಎಂಬ ಹುಡುಗನಿಗೆ ಮಾಡಿದ್ದು ಇದನ್ನೇ. ಅಭಿಮಾನಿಗಳು ಇದನ್ನು ತಂಡದ ಸ್ವಾಭಿಮಾನ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಆ ಮೂವರ ಸಂಕಟ ನನಗೆ ಅರ್ಥವಾಗದೆ ಇಲ್ಲ. ಬ್ಯಾಸಿಲ್ಡನ್ ಊರಿನ ಹುಡುಗರು. ಮೊದಲ ಆಲ್ಬಂನಲ್ಲಿ ಎರಡು ಬಿಟ್ಟರೆ ಉಳಿದ ಹಾಡುಗಳೆಲ್ಲ ವಿನ್ಸ್ ಕ್ಲಾರ್ಕ್ ಬರೆದದ್ದು. 1981ರ ಕೊನೆಗೆ ಅವನೇ ತಂಡ ಬಿಟ್ಟು ನಡೆದ. ಇನ್ನು ಇವರ ಅಂಗಡಿ ಮುಚ್ಚಿತು ಎಂದು ನಕ್ಕವರೆಷ್ಟೋ! ಇಪ್ಪತ್ತರ ಮಾರ್ಟಿನ್ ಗೋರ್ ಹಾಡು ಬರೆಯುವ ಹೊಣೆ ಹೊತ್ತ. ಅವನ ‘ಸೀ ಯು’ ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಹೋಯಿತು. ಕ್ಲಾರ್ಕ್ ಈ ತಂಡಕ್ಕೆ ಬರೆದ ಯಾವ ಹಾಡೂ ಅಷ್ಟು ಮೇಲೇರಿರಲಿಲ್ಲ. ನಕ್ಕವರ ಬಾಯಿ ಬಂದ್!

ಲಂಡನ್ನಿನಲ್ಲಿ ಚರ್ಚ್ ಆಗಿದ್ದ ಕಟ್ಟಡವೊಂದರಲ್ಲಿ ಬ್ಲ್ಯಾಕ್‌ವಿಂಗ್ ಸ್ಟುಡಿಯೋ. ಮ್ಯೂಟ್ ಕಂಪನಿಯ ಡೇನಿಯಲ್ ಮಿಲ್ಲರ್ ಜೊತೆಗಿದ್ದ. ಗುಂಡಿ ಒತ್ತಿದರೆ ಸಿಂಥಸೈಸರ್ ತಾನೇ ಹಾಡುತ್ತದೆ ಎನ್ನುವ ಮಹಾಶಯರು ಒಂದು ದಿನ ನನ್ನ ಆಫ್‌ಸೆಟ್ ಮೆಷಿನ್ ಮುಂದೆ ಬಂದು ನಿಲ್ಲಲಿ. ನೀರು-ಮಸಿಯ ಹದ ತಪ್ಪಿದರೆ ಸಾವಿರ ಹಾಳೆ ರದ್ದಿಗೆ. ಅಲ್ಲೂ ಅಷ್ಟೇ. ಆಗಿನ ಹಲವು ಸಿಂಥಸೈಸರುಗಳು ಒಮ್ಮೆಗೆ ನುಡಿಯುತ್ತಿದ್ದುದು ಒಂದೇ ಸ್ವರ. ತಿರುಪು ತಿರುಗಿಸಿ ದನಿ ಹದ ಮಾಡಬೇಕು, ಒಂದರ ಮೇಲೊಂದು ಟೇಪಿಗೆ ಏರಿಸಬೇಕು. ಬೆವರಿಲ್ಲದ ಕೆಲಸವೇ ಇದು?

ಕವರ್ ಬಗ್ಗೆ ಹೇಳದಿದ್ದರೆ ಪ್ರೆಸ್ಸಿನವನಾಗಿ ತಪ್ಪಾದೀತು. ಹೊಲದಲ್ಲಿ ಪೈರು ಕೊಯ್ಯುವ ಹೆಂಗಸು, ಮೇಲೆ ಕವಿದ ಮೋಡ. ಬಣ್ಣದಲ್ಲಿ ಬರೆದ ಚಿತ್ರವೆಂದೇ ಅನ್ನಿಸುತ್ತದೆ, ಆದರೆ ಬ್ರಯನ್ ಗ್ರಿಫಿನ್ ತೆಗೆದ ಫೋಟೋ!

ಇರಲಿ, ವೈಲ್ಡರ್ ವಿಷಯಕ್ಕೆ ಬರೋಣ. ಪತ್ರಿಕೆ ಜಾಹೀರಾತು ನೋಡಿ ಬಂದವನು. ಕೇಳಿದ್ದು ಇಪ್ಪತ್ತೊಂದರ ಒಳಗಿನವರನ್ನು. ಇವನಿಗೆ ಇಪ್ಪತ್ತೆರಡು, ಸುಳ್ಳು ಹೇಳಿ ಸೇರಿದ. ಪಿಯಾನೋ ಕಲಿತ ಕೈ. ಸಂಬಳಕ್ಕೆ ಇಟ್ಟುಕೊಂಡರು, ಊರೂರು ಸುತ್ತಿಸಿದರು. ಆಲ್ಬಂ ಬಂದಾಗ ಮಾತ್ರ, ಕ್ಲಾರ್ಕ್ ಇಲ್ಲದೆಯೂ ನಾವು ಮೂವರೇ ಸಾಕು ಎಂದು ಜಗತ್ತಿಗೆ ತೋರಿಸಬೇಕಿತ್ತಂತೆ!

ತೋರಿಸಿದರು ಸರಿ. ಸೆಪ್ಟೆಂಬರಿನಲ್ಲಿ ಬಂದ ಆಲ್ಬಂ 8ನೇ ಸ್ಥಾನ ಮುಟ್ಟಿತು. ಮೊದಲನೆಯದು ಮುಟ್ಟಿದ್ದು 10. ಆಮೇಲೆ? ಯಾವ ಆಲ್ಬಂಗೆ ಬೇಡವಾದನೋ ಅದೇ ಆಲ್ಬಂನ ಹಾಡುಗಳನ್ನು ಜನರ ಮುಂದೆ ನುಡಿಸಲು ಅವನೇ ಬೇಕಾದ. ಬಿಟ್ಟುಹೋದವನ ಮೇಲಿನ ಸಿಟ್ಟನ್ನು ಬಂದವನ ಮೇಲೆ ತೀರಿಸಿದಂತಾಗಲಿಲ್ಲವೇ? ನಾನೂ ಮಾಲೀಕನೇ. ಹಳೆಯ ಕೆಲಸಗಾರ ಬಿಟ್ಟು ಹೋದಾಗ ಹೊಸ ಹುಡುಗನನ್ನು ತಿಂಗಳುಗಟ್ಟಲೆ ಬರೀ ಹಾಳೆ ಎಣಿಸಲು ಕೂರಿಸಿದ್ದೇನೆ. ಅದು ಸ್ವಾಭಿಮಾನ ಅಲ್ಲ, ಭಯ.

ಮುಂದಿನ ವರ್ಷ, 1983ರ ಆಲ್ಬಂಗೆ ಅವನನ್ನು ಒಳಗೆ ಬಿಟ್ಟರು. ಅದರಲ್ಲಿ ಎರಡು ಹಾಡು ವೈಲ್ಡರ್ ಬರೆದದ್ದೇ. 1995ರವರೆಗೆ ಅವನು ಆ ತಂಡದಲ್ಲಿ ದುಡಿದ. ಒಂದು ವರ್ಷ ಮೊದಲೇ ಬಾಗಿಲು ತೆರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?