ಕಾರಿನ ಗೀರು ಮತ್ತು ಒಂದು ಬಾಲ್ದಿ ನೀರು

ಮುಂಬಯಿಯ ಯಾವುದೇ ಹೌಸಿಂಗ್ ಸೊಸೈಟಿಯಲ್ಲಿ ಬೆಳಿಗ್ಗೆ ಐದು ಗಂಟೆಗೆ ಕಿಟಕಿಯಿಂದ ಕೆಳಗೆ ನೋಡಿದರೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಕೈಯಲ್ಲೊಂದು ಬಾಲ್ದಿ, ಹೆಗಲ ಮೇಲೊಂದು ಬಟ್ಟೆಯ ತುಂಡು ಹಿಡಿದ ಹುಡುಗನೊಬ್ಬ ಸಾಲಾಗಿ ನಿಂತ ಕಾರುಗಳನ್ನು ಒಂದಾದ ಮೇಲೊಂದರಂತೆ ಒರೆಸುತ್ತಾ ಹೋಗುತ್ತಾನೆ. ಎಂಟು ಗಂಟೆಗೆ ಮಾಲಕರು ಇಳಿದು ಬರುವಾಗ ಎಲ್ಲ ಕಾರುಗಳೂ ಹೊಳೆಯುತ್ತಿರುತ್ತವೆ. ತಿಂಗಳ ಕೊನೆಗೆ ಇಷ್ಟು ಎಂದು ಕೊಟ್ಟು ನಾವೂ ನಿಶ್ಚಿಂತರಾಗುತ್ತೇವೆ. ಆದರೆ ಇದೇ ವ್ಯವಸ್ಥೆ ನಮ್ಮ ಹೊಸ ಕಾರುಗಳ ಬಣ್ಣವನ್ನು ದಿನಕ್ಕಿಷ್ಟರಂತೆ ಹಾಳು ಮಾಡುತ್ತಿದೆ. ಮತ್ತು ಅದರ ತಪ್ಪು ಆ ಹುಡುಗನದ್ದಲ್ಲ, ನಮ್ಮದು. ಈ ಮಾತನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ಕಳೆದ ವರ್ಷ ನನ್ನ ಮಗ ಸಾಲ ಮಾಡಿ ಕಪ್ಪು ಬಣ್ಣದ ಹೊಸ ಕಾರು ಕೊಂಡ. ನಮ್ಮವರಲ್ಲಿ ಹೆಚ್ಚಿನವರು ಮಾಡುವಂತೆ ನಾವೂ ಮೊದಲ ಪ್ರಯಾಣ ಊರಿಗೇ ಎಂದು ನಿಶ್ಚಯಿಸಿದೆವು. ಸುಮಾರು 900 ಕಿಲೋಮೀಟರ್ ದಾರಿ. ದೇವಸ್ಥಾನದಲ್ಲಿ ವಾಹನ ಪೂಜೆಯಾಯಿತು. ಬಾನೆಟ್ಟಿಗೆ ಗಂಧ ಕುಂಕುಮ ಹಚ್ಚಿ, ಹೂವಿನ ಮಾಲೆ ಕಟ್ಟಿ, ಚಕ್ರಕ್ಕೆ ಲಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದದ್ದೂ ಆಯಿತು. ಹಿಂದಿರುಗಿ ಬರುವಾಗ ಕಾರಿನ ಅವಸ್ಥೆ ಕೇಳಬೇಡಿ. ಊರಿನ ಕೆಂಪು ಮಣ್ಣು, ಹೆದ್ದಾರಿ ಕಾಮಗಾರಿಯ ಸಿಮೆಂಟು ಧೂಳು, ರಾತ್ರಿ ದೀಪಕ್ಕೆ ಬಂದು ಬಡಿದು ಸತ್ತ ಹುಳಗಳು, ಎಲ್ಲವೂ ಒಣಗಿ ಅಂಟಿಕೊಂಡಿದ್ದವು. ದಣಿದು ಬಂದ ನಾವು ಹಾಗೆಯೇ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ಹುಡುಗ ಎಂದಿನಂತೆ ಒರೆಸಿದ.

ಬಿಸಿಲು ಬಂದಾಗ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತು ಸುತ್ತು ಗೀರುಗಳು. ಮಗನ ಮುಖ ನೋಡಲಾಗಲಿಲ್ಲ. ನಾನು ಕೆಳಗಿಳಿದು ಹುಡುಗನನ್ನು ನಾಲ್ಕು ಜನರ ಎದುರು ಬೈದೆ. ನಾಳೆಯಿಂದ ಗೇಟಿನೊಳಗೆ ಬರಬೇಡ ಎಂದೂ ಹೇಳಿಬಿಟ್ಟೆ. ಅವನು ತಲೆ ತಗ್ಗಿಸಿ ಹಿಂದಿಯಲ್ಲಿ ಹೇಳಿದ ಮಾತು ಇಷ್ಟೇ: "ಸಾಬ್, ಇಪ್ಪತ್ತೆರಡು ಗಾಡಿ ಇದೆ. ಸೊಸೈಟಿಯವರು ಒಂದೇ ಬಾಲ್ದಿ ನೀರು ಕೊಡುತ್ತಾರೆ. ನಾನೇನು ಮಾಡಲಿ?"

ಈ ಒಂದು ಬಾಲ್ದಿಯ ನಿಯಮ ಯಾರು ಮಾಡಿದ್ದು? ಎರಡು ವರ್ಷದ ಹಿಂದೆ ನೀರಿನ ಅಭಾವದ ದಿನಗಳಲ್ಲಿ ನಮ್ಮ ಆಡಳಿತ ಸಮಿತಿ ಮಾಡಿದ ಠರಾವು ಅದು. ಆ ಪುಸ್ತಕದಲ್ಲಿ ನನ್ನ ಸಹಿಯೂ ಇದೆ. ಆಗ ನಮ್ಮ ಮನೆಯಲ್ಲಿ ಕಾರು ಇರಲಿಲ್ಲ, ಹಾಗಾಗಿ ಯೋಚನೆಯೂ ಬರಲಿಲ್ಲ.

ಅಂದು ರಾತ್ರಿ ನನಗೆ ನನ್ನ ಹದಿನಾರನೆಯ ವಯಸ್ಸು ನೆನಪಾಯಿತು. ಊರಿನಿಂದ ಬಂದ ಹೊಸತರಲ್ಲಿ ಫೋರ್ಟಿನ ಕ್ಯಾಂಟೀನೊಂದರಲ್ಲಿ ಹಗಲು ಟೇಬಲ್ ಒರೆಸುತ್ತಿದ್ದೆ, ಸಂಜೆ ಓದಲು ಹೋಗುತ್ತಿದ್ದೆ. ನಮ್ಮ ಸಮಾಜದ ಅನೇಕರು ಹತ್ತಿದ ಮೆಟ್ಟಿಲು ಅದೇ. ಒಂದು ದಿನ ಗಿರಾಕಿಯೊಬ್ಬರು ಟೇಬಲ್ಲಿನಲ್ಲಿ ಜಿಡ್ಡು ಇದೆ ಎಂದು ಗದರಿದಾಗ ಮಾಲಕರು ನನ್ನನ್ನು ಬೈಯಲಿಲ್ಲ. ಒಳಗೆ ಕರೆದು ಹೇಳಿದರು: "ನೋಡು ತಮ್ಮ, ಬಟ್ಟೆ ಕೊಳೆಯಾಗಿದ್ದರೆ ನೀನು ಒರೆಸುವುದು ಕೊಳೆಯನ್ನಲ್ಲ, ಕೊಳೆಯನ್ನು ಹಚ್ಚುತ್ತಿದ್ದಿ. ಹತ್ತು ಟೇಬಲ್ಲಿಗೊಮ್ಮೆ ನೀರು ಬದಲಿಸು." ಮರುದಿನದಿಂದ ಎರಡು ಬಾಲ್ದಿ, ನಾಲ್ಕು ಬಟ್ಟೆ ಕೊಡಿಸಿದರು. ನಾನು ಆ ಹುಡುಗನಿಗೆ ಇಷ್ಟನ್ನೂ ಮಾಡಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ಗೀರು ಏಕೆ ಬೀಳುತ್ತದೆ? ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಹೊಳಪು ಕೊಡುವುದೂ, ಬಿಸಿಲು ಮಳೆಯಿಂದ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತಲೂ ತೆಳು. ರಸ್ತೆಯ ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ, ಅವು ಈ ಪದರಕ್ಕಿಂತ ಬಹಳ ಗಟ್ಟಿ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಮರಳು ಕಾಗದದಿಂದ ಉಜ್ಜಿದ ಹಾಗೆಯೇ ಆಗುತ್ತದೆ. ಒಂದು ದಿನ ಕಾಣುವುದಿಲ್ಲ. ದಿನವೂ ಮಾಡಿದರೆ ಆರು ತಿಂಗಳಲ್ಲಿ ಹೊಸ ಕಾರು ಹಳತರಂತೆ ಮಂಕಾಗುತ್ತದೆ. ಕಪ್ಪು, ನೀಲಿಯಂತಹ ಗಾಢ ಬಣ್ಣದಲ್ಲಿ ಬೇಗ ಕಾಣುತ್ತದೆ. ಬಿಳಿ ಕಾರಿನಲ್ಲಿ ಕಾಣುವುದು ಕಡಿಮೆ, ಆದರೆ ಗೀರು ಬಿದ್ದೇ ಇರುತ್ತದೆ.

ಪಾಲಿಶ್ ಮಾಡಿಸಿದರೆ ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಪಾಲಿಶ್ ಎಂದರೆ ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೂ ಸವೆಸಿ ಸಮ ಮಾಡುವುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಬಡ್ಡಿಯಿಂದಲ್ಲ, ಅಸಲಿನಿಂದಲೇ ತೆಗೆದಂತೆ. ಒಂದೆರಡು ಸಲ ನಡೆಯುತ್ತದೆ, ಮತ್ತೆ ಮತ್ತೆ ಮಾಡಿದರೆ ಖಾತೆ ಖಾಲಿ. ನಮ್ಮ ಕೌಂಟರಿಗೆ ಕಾರು ಸಾಲಕ್ಕೆ ಬರುವವರು ಕಾಲು ಶೇಕಡಾ ಬಡ್ಡಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಅರುವತ್ತು ಕಂತು ತೀರುವ ಮೊದಲೇ ಬಣ್ಣ ಹೋಗುವ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲ ಮಾತು, ಒಣ ಧೂಳನ್ನು ಎಂದಿಗೂ ಒರೆಸಬಾರದು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ, ಮಾಡಿನಿಂದ ಆರಂಭಿಸಿ ಚೆಂಬಿನಿಂದ ನೀರು ಹೊಯ್ಯಬೇಕು. ಕೈ ತಾಗಿಸದೆಯೇ ಸಡಿಲ ಧೂಳೆಲ್ಲ ಹರಿದು ಹೋಗಬೇಕು. ಊರಿನಿಂದ ಬಂದ ಕಾರಿನಂತೆ ಕೆಸರು ಗಟ್ಟಿಯಾಗಿದ್ದರೆ ಕೆಲವು ನಿಮಿಷ ನೆನೆಯಲು ಬಿಟ್ಟು ಮತ್ತೊಮ್ಮೆ ಹೊಯ್ಯಬೇಕು. ಅಥವಾ ಆ ಒಂದು ಸಲ ಸರ್ವಿಸ್ ಸ್ಟೇಷನ್ನಿಗೆ ಒಯ್ದು ಒತ್ತಡದ ನೀರಿನಿಂದ ತೊಳೆಸುವುದು ಮೇಲು. ಅಲ್ಲಿಯೂ ನಳಿಗೆಯನ್ನು ಒಂದೆರಡು ಅಡಿ ದೂರ ಹಿಡಿಯಲು ಹೇಳಿ.

ಎರಡನೆಯದು, ಎರಡು ಬಾಲ್ದಿ. ಒಂದರಲ್ಲಿ ಕಾರಿನ ಶ್ಯಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶ್ಯಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆದ ಕೂಡಲೇ ಬರಿಯ ನೀರಿನ ಬಾಲ್ದಿಯಲ್ಲಿ ಜಾಲಾಡಿ, ಹಿಂಡಿ, ಮತ್ತೆ ಶ್ಯಾಂಪೂವಿಗೆ ಅದ್ದಬೇಕು. ಬಟ್ಟೆ ಹಿಡಿದ ಕೊಳೆ ಪುನಃ ಕಾರಿಗೆ ಹೋಗದಿರುವುದೇ ಇದರ ಗುಟ್ಟು. ಸುತ್ತು ತಿರುಗಿಸಿ ಉಜ್ಜದೆ, ಒತ್ತದೆ, ನೇರವಾಗಿ ಎಳೆಯಿರಿ. ಮಾಡು, ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ, ಕೊನೆಗೆ ಕೆಳಭಾಗ. ಚಕ್ರಗಳಿಗೆ ಬೇರೆಯೇ ಬಟ್ಟೆ, ಏಕೆಂದರೆ ಬ್ರೇಕಿನ ಲೋಹದ ಪುಡಿ ಅಲ್ಲಿರುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಬಳಸಬಾರದು. ತೊಳೆಯುವವರು ಬೆರಳಿನ ಉಂಗುರ, ಕೈಗಡಿಯಾರ ತೆಗೆದಿಡುವುದು ಒಳ್ಳೆಯದು.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ಬೇಡ. ಅವು ಬಣ್ಣದ ಮೇಲಿನ ವ್ಯಾಕ್ಸನ್ನು ಎಬ್ಬಿಸಿ ತೆಗೆಯುತ್ತವೆ. ಹಕ್ಕಿಯ ಹಿಕ್ಕೆ, ಸತ್ತ ಹುಳಗಳನ್ನು ಉಗುರಿನಿಂದ ಕೆರೆಯದೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಮುಚ್ಚಿಟ್ಟು ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು. ಇವನ್ನು ಮಾತ್ರ ಭಾನುವಾರಕ್ಕೆ ಕಾಯಿಸಬಾರದು, ಬಿಸಿಲಿನಲ್ಲಿ ಒಣಗಿದರೆ ಕಲೆ ಉಳಿಯುತ್ತದೆ. ಕೊನೆಗೆ ಶುದ್ಧ ನೀರು ಹೊಯ್ದು, ಇನ್ನೊಂದು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸಿ. ಬೋರ್‌ವೆಲ್ ನೀರಾದರೆ ತಾನಾಗಿ ಆರಲು ಬಿಡಬೇಡಿ, ಬಿಳಿ ಕಲೆ ನಿಲ್ಲುತ್ತದೆ. ಧೂಳು ಕುಳಿತ ಕಾರಿಗೆ ಕವರ್ ಹೊದೆಸುವುದೂ ತಪ್ಪು, ಗಾಳಿಗೆ ಕವರ್ ಅಲುಗಿದಾಗ ಧೂಳೇ ಉಜ್ಜುತ್ತದೆ.

ವಾಹನ ಪೂಜೆಯ ಬಗ್ಗೆಯೂ ಒಂದು ಮಾತು. ನಮ್ಮ ಭಕ್ತಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಗಂಧ ಕುಂಕುಮವನ್ನು ಬಣ್ಣದ ಮೇಲೆ ಹಚ್ಚುವ ಬದಲು ಎದುರಿನ ಗಾಜಿಗೆ ಹಚ್ಚಿರೆಂದು ವಿನಂತಿಸಿದರೆ ಯಾವ ಭಟ್ಟರೂ ಬೇಸರಿಸಲಾರರು. ಮಾಲೆಯನ್ನು ತಂತಿಯಿಂದ ಕಟ್ಟದೆ ನೂಲಿನಿಂದ ಕಟ್ಟಿ, ಪೂಜೆ ಮುಗಿದು ಹೊರಡುವ ಮೊದಲು ತೆಗೆದುಬಿಡಿ.

ಇಷ್ಟೆಲ್ಲ ಮಾಡಲು ನೀರೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದುದೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಘೋಷಿಸಿತ್ತು. ಅದೇ ವರ್ಷ ಜೂನ್‌ನಲ್ಲಿ ಮುಂಬಯಿಯಲ್ಲೂ ಶೇ. 10 ನೀರು ಕಡಿತವಾಗಿತ್ತು. ಹಾಗಾಗಿ ಪೈಪು ಬಿಟ್ಟು ಕಾರು ತೊಳೆಯುವವರ ಪರ ನಾನು ಖಂಡಿತ ಅಲ್ಲ. ಆದರೆ ಲೆಕ್ಕ ಹಾಕಿ ನೋಡಿ. ದಿನವೂ ಒರೆಸುವುದನ್ನು ನಿಲ್ಲಿಸಿ ವಾರಕ್ಕೊಮ್ಮೆ ಮಾತ್ರ ಮೇಲೆ ಹೇಳಿದಂತೆ ತೊಳೆದರೆ ಒಂದು ಕಾರಿಗೆ ಸುಮಾರು 50 ಲೀಟರ್ ಸಾಕು. ತಿಂಗಳಿಗೆ 200 ಲೀಟರ್. ನಮ್ಮ ಸೊಸೈಟಿಯ 22 ಕಾರುಗಳಿಗೆ 4,400 ಲೀಟರ್. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರಿ ಅಳತೆ. ಮನೆಗೆ ನಾಲ್ಕು ಜನರಂತೆ ನಮ್ಮ 40 ಮನೆಗಳಿಗೆ ಒಂದೇ ದಿನಕ್ಕೆ 21,600 ಲೀಟರ್ ಬೇಕು. ಅಂದರೆ ಇಡೀ ತಿಂಗಳ ಕಾರು ತೊಳೆಯುವ ನೀರು ನಮ್ಮ ಒಂದು ದಿನದ ಬಳಕೆಯ ಐದನೆಯ ಒಂದು ಭಾಗ. ಬೋರ್‌ವೆಲ್ ಅಥವಾ ಸಂಗ್ರಹಿಸಿದ ಮಳೆನೀರು ಇರುವ ಸೊಸೈಟಿಗಳಲ್ಲಿ ಅದನ್ನೇ ಇದಕ್ಕೆ ಮೀಸಲಿಟ್ಟರೆ ಕುಡಿಯುವ ನೀರನ್ನು ಮುಟ್ಟಬೇಕಾಗಿಯೇ ಇಲ್ಲ. ಬರಗಾಲದ ದಿನಗಳಲ್ಲಿ ಕಾರು ಕೊಳೆಯಾಗಿಯೇ ಇರಲಿ. ಅಂಟಿಕೊಂಡ ಧೂಳಿನಿಂದ ಹೊಳಪು ಮರೆಯಾಗಬಹುದು, ಗೀರು ಬೀಳುವುದು ಉಜ್ಜಿದಾಗಲೇ.

ಇದನ್ನೇ ನಾನು ಕಳೆದ ಮಹಾಸಭೆಯಲ್ಲಿ ಮಂಡಿಸಿದೆ. ದಿನವೂ ಕಾರು ಹೊಳೆಯಬೇಕು ಎನ್ನುವ ಕೆಲವರು ವಿರೋಧಿಸಿದರು. ಕೊನೆಗೆ ಒಂದು ಬಾಲ್ದಿಯ ಠರಾವು ರದ್ದಾಯಿತು. ಈಗ ದಿನಕ್ಕೆ ಮೂರು ನಾಲ್ಕು ಕಾರುಗಳ ಸರದಿ. ಮಾಲಕರೇ ತಮ್ಮ ತಮ್ಮ ಮನೆ ನಂಬರು ಬರೆದ ಎರಡು ಮೂರು ಬಟ್ಟೆ ಕೊಡುತ್ತಾರೆ. ಕೆಲಸದ ದಿನ ಕಡಿಮೆಯಾಯಿತೆಂದು ಹುಡುಗನ ತಿಂಗಳ ಹಣ ಇಳಿಸಬೇಕೆಂಬ ಸಲಹೆಯೂ ಬಂದಿತ್ತು. ಅದನ್ನು ನಾನು ಒಪ್ಪಲಿಲ್ಲ. ಐದು ನಿಮಿಷ ಒರೆಸುವ ಕಡೆ ಮುಕ್ಕಾಲು ಗಂಟೆ ತೊಳೆಯುವವನಿಗೆ ಹೆಚ್ಚು ಕೊಡಬೇಕೇ ಹೊರತು ಕಡಿಮೆಯಲ್ಲ.

ಸಭೆಗಿಂತ ಮೊದಲು ನಾನು ಮಾಡಿದ ಕೆಲಸ ಇನ್ನೊಂದಿತ್ತು. ನಾಲ್ಕು ಜನರ ಎದುರು ಬೈದಿದ್ದರಿಂದ ಅದೇ ವಾಚ್‌ಮನ್, ಅದೇ ನೆರೆಯವರ ಎದುರು ಆ ಹುಡುಗನಲ್ಲಿ ತಪ್ಪಾಯಿತು ಎಂದೆ. ಅವನು ನಾಚಿಕೊಂಡು ನಕ್ಕ, ಮರುದಿನ ಕೆಲಸಕ್ಕೆ ಬಂದ. ಬಾನೆಟ್ಟಿನ ಗೀರುಗಳು ಈಗಲೂ ಇವೆ. ಪಾಲಿಶ್ ಮಾಡಿಸುವ ಎಂದು ಮಗ ಹೇಳಿದ್ದ, ಸದ್ಯಕ್ಕೆ ಇರಲಿ ಎಂದಿದ್ದೇನೆ.

ಓದುಗ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ನಾಳೆ ಬೆಳಿಗ್ಗೆ ಒಮ್ಮೆ ಕೆಳಗಿಳಿದು ನಿಮ್ಮ ಕಾರು ಒರೆಸುವ ಬಾಲ್ದಿಯ ನೀರಿನ ಬಣ್ಣ ನೋಡಿ. ಆಮೇಲೆ ಯಾರನ್ನು ಬೈಯಬೇಕೆಂದು ನೀವೇ ತೀರ್ಮಾನಿಸಿ.