ಎಂಟು ಮೂರಾದರೆ ದಂಡ ಯಾರಿಗೆ?



“ಯಂತ್ರ ಸುಳ್ಳು ಹೇಳುವುದಿಲ್ಲ” ಎಂದು ಪ್ರವಾಸಿ ಮೋಟಾರುಗಳ ಧನಿಗಳೊಬ್ಬರು ನನ್ನ ಮುಖದೆದುರೇ ಹೇಳಿದರು. ಅಷ್ಟಕ್ಕೆ ನಿಲ್ಲದೆ, ನಮ್ಮ ಸಂಘದ ಸದಸ್ಯನಾದ ಡ್ರೈವರನ ಸಂಬಳದಲ್ಲಿ ಒಂದು ಸಾವಿರ ರೂಪಾಯಿ ಮುರಿದುಕೊಂಡರು. ಕಾರಣವೇನು? ಆತ ಹೆಲ್ಮೆಟ್ಟು ಇಲ್ಲದೆ ಗಾಡಿ ಓಡಿಸಿದನೆಂದು ಚಲನ್ ಬಂದಿದೆ. ಗಾಡಿ ಯಾವುದು? ಏಳು ಜನ ಕೂರುವ ಕಾರು!

“ಅಣ್ಣ, ಕಾರಿಗೆ ಹೆಲ್ಮೆಟ್ಟು ಯಾವ ಕಡೆಯಿಂದ ಹಾಕುವುದು?” ಎಂದು ಆತ ಕಾಗದ ಹಿಡಿದುಕೊಂಡು ಸಂಘದ ಕಚೇರಿಗೆ ಬಂದಾಗ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಕಾಗದದ ಮೇಲಿನ ತಾರೀಖು ನೋಡಿದ ಮೇಲೆ ನಗು ನಿಂತಿತು. ಆ ದಿನ, ಆ ಹೊತ್ತಿಗೆ, ಆ ಕಾರು ಕಾಶಿಯಲ್ಲಿತ್ತು. ನನಗೆ ಹೇಗೆ ಗೊತ್ತೆಂದರೆ, ಅದರಲ್ಲಿ ಹೋದವರಲ್ಲಿ ನಾನೂ ಒಬ್ಬ. ತಾಯಿಗೆ ವಿಶ್ವನಾಥನ ದರ್ಶನ ಮಾಡಿಸಬೇಕೆಂದು ಎರಡು ಮನೆಯವರು ಸೇರಿ ಗಾಡಿ ಗೊತ್ತು ಮಾಡಿದ್ದೆವು. ಚಲನ್ ಹುಟ್ಟಿದ ಊರು ಇರುವುದು ಮಹಾರಾಷ್ಟ್ರದಲ್ಲಿ, ಕಾಶಿಯಿಂದ ಸಾವಿರ ಕಿಲೋಮೀಟರಿಗೂ ಆಚೆ. ಪ್ರಕರಣ ಇನ್ನೂ ತೀರದ ಕಾರಣ ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ.

ಚಿತ್ರ ತರಿಸಿ ನೋಡಿದೆವು. ಒಂದು ಸ್ಕೂಟರು. ನಂಬರು ಪ್ಲೇಟಿನಲ್ಲಿ ಒಂದು ಎಂಟು. ಎಂಟರ ಎಡಭಾಗಕ್ಕೆ ಕೆಸರು ಸಿಡಿದಿದೆ. ಎಡಭಾಗ ಮುಚ್ಚಿದ ಎಂಟು ಏನಾಗುತ್ತದೆ? ಮೂರಾಗುತ್ತದೆ. ಮೂರಿರುವ ನಂಬರು ನಮ್ಮ ಡ್ರೈವರನ ಕಾರಿನದು. ಇಷ್ಟೇ ಕಥೆ. ಬಾಲವಾಡಿಯ ಮಗು ನೋಡಿದ್ದರೂ “ಇದು ಕಾರಲ್ಲ” ಎನ್ನುತ್ತಿತ್ತು. ನೋಡಲು ಯಾರನ್ನೂ ಇಟ್ಟಿಲ್ಲ. ಅದೇ ನಮ್ಮ ತಕರಾರು.

ಜಬಲ್ಪುರದಿಂದ ಮುಂದಕ್ಕೆ ನಾವು ಹಿಡಿದದ್ದು ಹಳೆಯ 7ನೇ ನಂಬರಿನ ಹೆದ್ದಾರಿ. ಕಾಶಿಯಿಂದ ಹೊರಟು ನಮ್ಮ ಬೆಂಗಳೂರನ್ನು ಹಾದು ಕನ್ಯಾಕುಮಾರಿ ಮುಟ್ಟುತ್ತಿದ್ದ ದಾರಿ ಅದು. (2010ರಲ್ಲಿ ಅದರ ನಂಬರನ್ನೂ ಬದಲಾಯಿಸಿದರು, ಡ್ರೈವರರ ಬಾಯಲ್ಲಿ ಇಂದಿಗೂ ಏಳೇ.) ಕಾಶಿಯಾದರೋ ಈಗ ಕ್ಯಾಮರಾಗಳ ಊರು. ಸಿಗ್ರಾದಲ್ಲಿ ಇದಕ್ಕೆಂದೇ ಒಂದು ನಿಯಂತ್ರಣ ಕೇಂದ್ರವಿದೆ. ಚೌಕ ಚೌಕದ ಚಿತ್ರ ಅಲ್ಲಿಗೆ ಹೋಗಿ ಬೀಳುತ್ತದೆ. ನಮ್ಮ ಡ್ರೈವರ ಹೆದರಿ ಗಾಡಿಯನ್ನು ಊರ ಹೊರಗೇ ನಿಲ್ಲಿಸಿದ. ನಾವು ಆಟೋ ಹಿಡಿದು ಗೋದೌಲಿಯಾದ ತನಕ ಹೋಗಿ, ಅಲ್ಲಿಂದ ಜಂಗಮವಾಡಿ ಮಠಕ್ಕೆ ನಡೆದೆವು.

ದಾರಿಯಲ್ಲಿ ಹೊತ್ತು ಹೋಗಲೆಂದು ಆತ ನನಗೆ ನಂಬರು ಓದುವ ಆಟ ಕಲಿಸಿದ. ಯುಪಿ 65 ಎಂದರೆ ಕಾಶಿಯ ಗಾಡಿ. 66 ಭದೋಹಿ, 67 ಚಂದೌಲಿ, 64 ಸೋನಭದ್ರ, 63 ಮಿರ್ಜಾಪುರ, 62 ಜೌನಪುರ, 61 ಗಾಜಿಪುರ. ಎಲ್ಲವೂ ಅಕ್ಕಪಕ್ಕದ ಜಿಲ್ಲೆ, ಅಕ್ಕಪಕ್ಕದ ಅಂಕಿ. ಊರಲ್ಲಿ ನೋಡಿ: ಕೆಎ 19 ಮಂಗಳೂರು, ಕೆಎ 18 ಚಿಕ್ಕಮಗಳೂರು. ಅಂದು ಆಟವಾಗಿದ್ದದ್ದು ಇಂದು ವಾದಕ್ಕೆ ಒದಗಿತು. ಇಂಥ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಓದಿದರೆ ಸಿಕ್ಕುವುದು ಅರ್ಥವಿಲ್ಲದ ನಂಬರಲ್ಲ, ಬೇರೊಬ್ಬ ಬಡಪಾಯಿಯ ನಿಜವಾದ ಗಾಡಿಯೇ ಆಗಿರಬಹುದು! ಆಧಾರ್ ನಂಬರಿಗೆ ಹನ್ನೆರಡನೆಯ ಅಂಕಿ ಕಾವಲುಗಾರ. ಯಾವುದೇ ಒಂದು ಅಂಕಿ ತಪ್ಪಿ ಬರೆದರೂ ಲೆಕ್ಕ ಕೂಡುವುದಿಲ್ಲ, ಕೂಡಲೆ ಸಿಕ್ಕಿಬೀಳುತ್ತದೆ. ಗಾಡಿಯ ನಂಬರಿಗೆ ಅಂಥ ಕಾವಲಿಲ್ಲ.

ಯಂತ್ರ ಓದುವುದಾದರೂ ಹೇಗೆ? ಚಿತ್ರದಲ್ಲಿ ಪ್ಲೇಟು ಎಲ್ಲಿದೆಯೆಂದು ಹುಡುಕುತ್ತದೆ, ಅದರ ಮೇಲಿನ ಒಂದೊಂದು ಗುರುತನ್ನೂ ಇದು ಇಂಥದ್ದಿರಬೇಕೆಂದು ಊಹಿಸುತ್ತದೆ. ಇಂಗ್ಲೀಷಿನ ಬಿ ಮತ್ತು 8, ಎಸ್ ಮತ್ತು 5, ಜಿ ಮತ್ತು 6, ಜಡ್ ಮತ್ತು 2, ಓ ಮತ್ತು ಸೊನ್ನೆ, ಇವೆಲ್ಲ ಅವಳಿಜವಳಿ. ನಮ್ಮ ಪ ಮತ್ತು ಷ ಇದ್ದ ಹಾಗೆ. ಇದು ಸರಕಾರಕ್ಕೆ ಗೊತ್ತಿಲ್ಲದ ಗುಟ್ಟೇನಲ್ಲ. 2021ರಲ್ಲಿ ಬಿಎಚ್ ಸರಣಿಯ ನಂಬರು ತಂದಾಗ ಐ ಮತ್ತು ಓ ಎರಡನ್ನೂ ಬೇಕೆಂದೇ ಕೈಬಿಟ್ಟರು. ಗೊತ್ತಿದ್ದೂ ನಮ್ಮ ಸಂಬಳಕ್ಕೆ ಕೈ ಹಾಕುತ್ತಾರೆ!

ನಾನು ಯಂತ್ರದ್ವೇಷಿಯಲ್ಲ. ತಪ್ಪಿ ಓದಿದ ನಂಬರನ್ನು ಸರಿಯಾದ ನಂಬರಿಗೆ ಹೊಂದಿಸುವ ವಿದ್ಯೆಯೂ ಉಂಟು. ಲೆವೆನ್‌ಷ್ಟೈನ್ ಎಂಬ ಸೋವಿಯತ್ ಗಣಿತಜ್ಞ 1965ರಲ್ಲಿ ಒಂದು ಲೆಕ್ಕ ಹೇಳಿದ್ದಾನೆ: ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗಲು ಎಷ್ಟು ಅಕ್ಷರ ಸೇರಿಸಬೇಕು, ಎಷ್ಟು ತೆಗೆಯಬೇಕು, ಎಷ್ಟು ಬದಲಿಸಬೇಕು, ಅದೇ ಅವೆರಡರ ನಡುವಿನ ದೂರ. ಎಂಟು ಮೂರಾದರೆ ದೂರ ಒಂದು. ಬುದ್ಧಿವಂತರು ಇದನ್ನು ಇನ್ನಷ್ಟು ತಿದ್ದಿದ್ದಾರೆ: ಅವಳಿಗಳಿಗೆ ಕಡಮೆ ದೂರ, ಹೋಲಿಕೆಯಿಲ್ಲದವಕ್ಕೆ ಹೆಚ್ಚು, ಸಾಮಾನ್ಯ ನಂಬರಿನ ಮೊದಲ ಎರಡು ಮನೆ ಅಕ್ಷರದ್ದು, ಆದ್ದರಿಂದ ಅಲ್ಲಿ 8 ಕಂಡರೆ ಅದು ಬಿ. ಒಳ್ಳೆಯ ವಿದ್ಯೆಯೇ. ಆದರೆ ಅದನ್ನು ಎಲ್ಲಿ ಬಳಸಬೇಕೆಂಬುದೇ ಪ್ರಶ್ನೆ.

ಏಳನೇ ಕ್ಲಾಸು ಮುಗಿಸಿ ಬಂದ ನನಗೆ ಇದು ಹೋಟಲಿನಲ್ಲೇ ಗೊತ್ತಾಗಿತ್ತು. ಮಾಣಿ ಗಡಿಬಿಡಿಯಲ್ಲಿ ಗೀಚಿದ ಚೀಟಿಯ ಮೇಲೆ ಟೇಬಲು 8 ಎಂದು ಕಾಣುತ್ತದೆ. ಎಂಟರಲ್ಲಿ ಗಿರಾಕಿಯೇ ಇಲ್ಲ, ಮೂರರಲ್ಲಿ ಇಬ್ಬರು ದೋಸೆಗೆ ಕಾದು ಕೂತಿದ್ದಾರೆ. ದೋಸೆ ಮೂರಕ್ಕೆ ಕೊಡುತ್ತೇವೆ, ತಪ್ಪುವುದಿಲ್ಲ. ಏಕೆ? ಇರುವುದೇ ಹತ್ತು ಟೇಬಲು, ಅವು ಕಣ್ಣೆದುರಿಗೇ ಇವೆ. ಪಾರ್ಕಿಂಗ್ ಜಾಗದಲ್ಲೂ ಹಾಗೆಯೇ. ಒಳಗೆ ಹೋದ ಇನ್ನೂರು ಗಾಡಿಗಳಲ್ಲೇ ಒಂದು ಹೊರಗೆ ಬರಬೇಕು. ಅಲ್ಲಿ ಹತ್ತಿರದ ನಂಬರಿಗೆ ಹೊಂದಿಸಿದರೆ ತಪ್ಪುವುದು ಅಪರೂಪ. ಆದರೆ ಇಡೀ ದೇಶದ ಗಾಡಿಗಳ ಪಟ್ಟಿಯೆದುರು ಅದೇ ಕೆಲಸ ಮಾಡಿದರೆ? ಪ್ರತಿಯೊಂದು ನಂಬರಿಗೂ ಒಂದಂಕಿಯ ದೂರದಲ್ಲಿ ಹತ್ತಾರು ನಂಬರುಗಳುಂಟು.

ಅದೇ ಹೋಟಲಿನಲ್ಲಿ, ರಾತ್ರಿ ಗಲ್ಲೆಯ ಲೆಕ್ಕ ಕೂಡದಿದ್ದರೆ ಯಾರ ಚೀಟಿ ಎಂದು ಸಾಹುಕಾರರು ಊಹಿಸಿ, ಆ ಮಾಣಿಯ ಪಗಾರದಲ್ಲಿ ಮುರಿಯುತ್ತಿದ್ದರು. ದೋಸೆ ಕೊಡಲು ಊಹೆ ನಡೆಯುತ್ತದೆ, ಪಗಾರ ಮುರಿಯಲು ನಡೆಯಬಾರದು. ಕಳುವಾದ ಗಾಡಿ ಹುಡುಕಲು ಹತ್ತಿರದ ನಂಬರುಗಳನ್ನೆಲ್ಲ ಯಂತ್ರ ತೋರಿಸಲಿ, ಪೋಲೀಸರು ಕಣ್ಣಿಟ್ಟು ನೋಡಲಿ. ನೋಡದೆ ಕೈ ಎತ್ತಿದರೆ ಏನಾಗುತ್ತದೆಂಬುದಕ್ಕೆ 2009ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದದ್ದೇ ಸಾಕ್ಷಿ. ಯಂತ್ರ ಒಂದು 3ನ್ನು 7 ಎಂದು ಓದಿತು. 7ರ ನಂಬರು ಕಳುವಾದ ಟ್ರಕ್ಕಿನದು. ಎದುರಿಗಿದ್ದದ್ದು ಒಬ್ಬ ಹೆಂಗಸು ಓಡಿಸುತ್ತಿದ್ದ ಕಾರು. ಬಂದೂಕು ತೋರಿಸಿ ಆಕೆಯನ್ನು ಇಳಿಸಿ, ಮಂಡಿಯೂರಿಸಿ ಕೈಕೋಳ ತೊಡಿಸಿದರು. ಯಂತ್ರದ ಮಾತನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳದೆ ಹೀಗೆ ಮಾಡಿದ್ದು ಸರಿಯೇ ಎಂಬುದನ್ನು ಜ್ಯೂರಿಯೇ ವಿಚಾರಿಸಬೇಕೆಂದು 2014ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಂತೂ 2021ರಲ್ಲಿ ರಸ್ತೆಯಲ್ಲಿ ನಡೆದುಹೋಗುತ್ತಿದ್ದ ಹೆಂಗಸಿನ ಅಂಗಿಯ ಮೇಲಿನ ಇಂಗ್ಲೀಷ್ ಪದವನ್ನೇ ಯಂತ್ರ ಗಾಡಿಯ ನಂಬರೆಂದು ಓದಿ, ದೂರದ ಊರಿನ ಕಾರಿನವರಿಗೆ ದಂಡದ ಕಾಗದ ಹೋಯಿತು! ಕಾರಿನವರು ಚಿತ್ರ ನೋಡಿ ನಕ್ಕರಂತೆ. ಅವರ ಸಂಬಳ ಯಾರೂ ಮುರಿದಿರಲಿಲ್ಲ.

ನಮ್ಮ ದೇಶದಲ್ಲಿ ಕಾನೂನು ಇಲ್ಲವೇ? ಇದೆ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬುದನ್ನು ಸೇರಿಸಿದರು. ಕ್ಯಾಮರಾದ ಚಲನಿನಲ್ಲಿ ತಪ್ಪನ್ನೂ ನಂಬರು ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರವಿರಬೇಕು, ತಾರೀಖು, ಹೊತ್ತು, ಜಾಗ ಇರಬೇಕು, ಕ್ಯಾಮರಾಕ್ಕೆ ವರ್ಷವರ್ಷವೂ ನವೀಕರಿಸಿದ ಸರ್ಟಿಫಿಕೇಟು ಇರಬೇಕು ಎಂದು ಅದರಲ್ಲಿ ಬರೆದಿತ್ತು. ಆಗ ಕ್ಯಾಮರಾ ಹಾಕಬೇಕೆಂದು ಹೆಸರಿಸಿದ ಊರುಗಳ ಪಟ್ಟಿಯಲ್ಲಿ ಕಾಶಿಯೂ ಇತ್ತು. ನಿಯಮದಲ್ಲಿ ಚಿತ್ರ ಇದೆ. ಚಿತ್ರವನ್ನು ನೋಡುವ ಮನುಷ್ಯ ಕುರ್ಚಿಯಲ್ಲಿ ಕೂತಿರಬೇಕಲ್ಲ! ಕಾರಿನ ದಾಖಲೆಯಲ್ಲಿ ಕಾರು ಎಂದು, ಬಣ್ಣ ಇಂಥದ್ದೆಂದು ಬರೆದೇ ಇರುತ್ತದೆ. ಅದನ್ನು ಚಿತ್ರಕ್ಕೆ ಹೋಲಿಸುವುದು ಅರೆ ನಿಮಿಷದ ಕೆಲಸ. ಆ ಅರೆ ನಿಮಿಷದ ಸಂಬಳ ಉಳಿಸಲು ನಮ್ಮವನ ಎರಡು ದಿನದ ಸಂಬಳ ಹೋಯಿತು.

ಇನ್ನು ಧನಿಗಳ ಮಾತು. ಸ್ವಾಮಿ, ಯಂತ್ರ ಸುಳ್ಳು ಹೇಳುವುದಿಲ್ಲವಷ್ಟೆ? ನಿಮ್ಮ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗೂ ಯಂತ್ರವೇ. ಚಲನಿನ ತಾರೀಖಿನ ಹಿಂದಿನ ದಿನ ಕಾಶಿಯ ದಾರಿಯ ಟೋಲಿನಲ್ಲಿ ನಿಮ್ಮ ಖಾತೆಯಿಂದ ಹಣ ಕಡಿತವಾದ ಸಂದೇಶ ನಿಮ್ಮದೇ ಫೋನಿನಲ್ಲಿದೆ, ಮಾರನೆಯ ದಿನದ್ದೂ ಇದೆ. ಎರಡು ಯಂತ್ರಗಳು ಎರಡು ಮಾತು ಹೇಳಿದಾಗ ಡ್ರೈವರನಿಗೆ ಕೇಡಾಗುವ ಮಾತೊಂದನ್ನೇ ನಂಬಿದಿರಿ. ನಂಬರಿನ ತಪ್ಪು ಯಂತ್ರದ್ದು, ಈ ತಪ್ಪು ನಿಮ್ಮದು. ಕಾರಣ ಹೇಳಲು ಅವಕಾಶ ಕೊಡದೆ ಕೂಲಿಯಲ್ಲಿ ದಂಡ ಮುರಿಯಕೂಡದೆಂಬುದು 1936ರ ವೇತನ ಪಾವತಿ ಕಾಯಿದೆಯಲ್ಲೇ ಇತ್ತು; 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ನೀವು ಅವಕಾಶ ಕೊಟ್ಟಿರಾ? ಆತ ಬಾಯಿ ತೆರೆಯುವ ಮೊದಲೇ ಲೆಕ್ಕ ಮುಗಿಸಿದಿರಿ.

ಆ ಸಾವಿರ ರೂಪಾಯಿ ಹಿಂದಕ್ಕೆ ಬರತಕ್ಕದ್ದು. ಮುಂದೆ ಯಾವ ಧನಿಯೂ ಚಿತ್ರವನ್ನು ಡ್ರೈವರನಿಗೆ ತೋರಿಸದೆ, ಅವನ ಮಾತು ಕೇಳದೆ ಒಂದು ಪೈಸೆಯನ್ನೂ ಮುಟ್ಟಕೂಡದು. ಚಲನ್ ಹೊರಡಿಸುವವರು ಚಿತ್ರವನ್ನು ಮನುಷ್ಯನ ಕಣ್ಣಿಗೆ ತೋರಿಸಿಯೇ ಹೊರಡಿಸಬೇಕು, ನೋಡಿದವನ ಹೆಸರು ಕಾಗದದ ಮೇಲಿರಬೇಕು. ತಕರಾರು ತೀರುವ ತನಕ ದಂಡ ಕೇಳಕೂಡದು.

ನಮ್ಮ ತಕರಾರಿನ ಅರ್ಜಿ ಹೋಗಿದೆ. ಜೊತೆಗೆ ಸ್ಕೂಟರಿನ ಚಿತ್ರ, ಟೋಲಿನ ಸಂದೇಶಗಳ ಪ್ರತಿ, ಕಾಶಿಯಲ್ಲಿ ಗಾಡಿ ನಿಲ್ಲಿಸಿದ ಚೀಟಿ, ಮತ್ತು ಕಾರಿನ ಪಕ್ಕದಲ್ಲಿ ಗಂಗೆಯ ತಂಬಿಗೆ ಹಿಡಿದು ನಿಂತ ನನ್ನ ತಾಯಿಯ ಫೋಟೋ. ಅದರಲ್ಲಿ ನಂಬರು ಪ್ಲೇಟು ಚೆನ್ನಾಗಿ ಕಾಣುತ್ತದೆ, ಮೂರು ಮೂರಾಗಿಯೇ ಇದೆ. ನಿಮ್ಮಲ್ಲಿ ಯಾರಿಗೆ ಇಂಥ ಕಾಗದ ಬಂದಿದೆಯೋ ಅವರು ಭಾನುವಾರ ಮಧ್ಯಾಹ್ನ ಊಟದ ಹೊತ್ತಿನ ಮೇಲೆ ಸಂಘದ ಕಚೇರಿಗೆ ಬನ್ನಿ. ಹಣ ಕಟ್ಟಿಬಿಟ್ಟವರೂ ಬನ್ನಿ, ಕಾಗದ ಹರಿದಿದ್ದರೆ ಹರಿದ ಚೂರನ್ನೇ ತನ್ನಿ.