ಪೊರಕೆ ಯಾರ ಲೆಕ್ಕದಲ್ಲಿ?

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಗೆ ಹೋಗಿ ಕುಳಿತರೂ, ಪಾರ್ಕಿಂಗ್ ಜಗಳ ಮುಗಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ: ಕಸ ಗುಡಿಸಲು, ಪಂಪು ನೋಡಿಕೊಳ್ಳಲು, ಗೇಟು ಕಾಯಲು ನಾವೇ ಜನರನ್ನು ಇಟ್ಟುಕೊಳ್ಳುವುದೋ, ಏಜೆನ್ಸಿಗೆ ಕೊಟ್ಟು ಕೈತೊಳೆದುಕೊಳ್ಳುವುದೋ? ಸಾಮಾನ್ಯವಾಗಿ ಗೆಲ್ಲುವುದು ಕೈತೊಳೆದುಕೊಳ್ಳುವ ಪಕ್ಷ. ಅದರ ತರ್ಕ ಕಂಪನಿಗಳಿಂದ ಬಂದದ್ದು. ಸಾಫ್ಟ್‌ವೇರ್ ಬರೆಯುವವರು ಶೌಚಾಲಯ ತೊಳೆಸುವ ಉಸಾಬರಿಗೆ ಏಕೆ ಹೋಗಬೇಕು, ತಮ್ಮ ಕಸುಬು ತಾವು ನೋಡಿಕೊಳ್ಳಲಿ ಎನ್ನುವ ತರ್ಕ. ಕಂಪನಿಯ ಮಟ್ಟಿಗೆ ಇದನ್ನು ಒಪ್ಪೋಣ. ಆದರೆ ಅಪಾರ್ಟ್‌ಮೆಂಟ್ ಸಂಘದ ಕಸುಬು ಯಾವುದು? ಅದು ಏನನ್ನೂ ತಯಾರಿಸುವುದಿಲ್ಲ, ಏನನ್ನೂ ಮಾರುವುದಿಲ್ಲ. ನಲ್ಲಿಯಲ್ಲಿ ನೀರು ಬರಬೇಕು, ಲಿಫ್ಟ್ ಓಡಬೇಕು, ಮೆಟ್ಟಿಲು ಚೊಕ್ಕಟವಾಗಿರಬೇಕು. ಅದು ಹುಟ್ಟಿದ್ದೇ ಇಷ್ಟಕ್ಕಾಗಿ. ಇರುವ ಒಂದೇ ಕೆಲಸವನ್ನೂ ಗುತ್ತಿಗೆಗೆ ಕೊಟ್ಟರೆ ಉಳಿಯುವುದು ಒಂದು ವಾಟ್ಸ್‌ಆ್ಯಪ್ ಗುಂಪು ಮಾತ್ರ.

ಕಾನೂನಿನ ಮಾತೂ ಕುತೂಹಲಕರವಾಗಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ, ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಚ್ಚಬಾರದು ಎಂಬ ನಿಯಮವಿದೆ. ಶುಚಿ ಕೆಲಸ, ಕಾವಲು ಇವೆಲ್ಲ ಮುಖ್ಯ ಕೆಲಸವಲ್ಲ ಎಂದೂ ಅದು ಹೇಳುತ್ತದೆ. ಆದರೆ ಅಲ್ಲೊಂದು ಷರತ್ತಿದೆ: ಸಂಸ್ಥೆ ಅದಕ್ಕಾಗಿಯೇ ಸ್ಥಾಪನೆಯಾಗಿರಬಾರದು. ಸಂಘದ ಬೈಲಾವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಈ ಷರತ್ತು ಮುಜುಗರ ತರುವಂಥದ್ದು. (ಗುತ್ತಿಗೆ ಕೆಲಸಗಾರರು 50ಕ್ಕಿಂತ ಕಡಿಮೆ ಇದ್ದರೆ ಆ ಭಾಗ ಅನ್ವಯಿಸುವುದೇ ಇಲ್ಲವಾದ್ದರಿಂದ ಬಹಳಷ್ಟು ಸಂಘಗಳು ನೆಮ್ಮದಿಯಾಗಿವೆ.)

ಏಜೆನ್ಸಿಯೇ ಅಗ್ಗ ಎನ್ನುವವರ ಜೊತೆ ಒಮ್ಮೆ ಲೆಕ್ಕಕ್ಕೆ ಕೂರಬೇಕು. ಒಬ್ಬ ಕೆಲಸಗಾರ್ತಿಯ ಸಂಬಳ, ಪಿಎಫ್, ಇಎಸ್‌ಐ, ಬೋನಸ್ ಎಲ್ಲ ಸೇರಿ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಏಜೆನ್ಸಿ ಅದರ ಮೇಲೆ ಶೇ. 10 ಸೇವಾ ಶುಲ್ಕ ಹಾಕಿದರೆ 22,000. ಅದಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 25,960. ಸದಸ್ಯರಿಂದ ಜಿಎಸ್‌ಟಿ ವಸೂಲಿ ಮಾಡದ ಸಂಘಕ್ಕೆ ಆ ತೆರಿಗೆ ಮರಳಿ ಸಿಗುವುದೂ ಇಲ್ಲ. ಅದೇ ಕೆಲಸಗಾರ್ತಿಯನ್ನು ಸಂಘವೇ ನೇಮಿಸಿಕೊಂಡರೆ ಸಂಬಳದ ಮೇಲೆ ಜಿಎಸ್‌ಟಿಯೇ ಇಲ್ಲ. ಹೀಗಿದ್ದೂ ಏಜೆನ್ಸಿಯ ಕೊಟೇಶನ್ ನಮ್ಮ ಲೆಕ್ಕಕ್ಕಿಂತ ಕಡಿಮೆ ಬಂದರೆ, ಆ ವ್ಯತ್ಯಾಸ ಎಲ್ಲಿಂದ ಬಂತು? ಹತ್ತು ಜನರ ಬಿಲ್ಲು ಬರೆದು ಎಂಟು ಜನರನ್ನು ಕಳಿಸಿರಬೇಕು, ಇಲ್ಲವೇ ಯಾರದೋ ಪಿಎಫ್ ಕಟ್ಟದೆ ಬಿಟ್ಟಿರಬೇಕು. ಯಂತ್ರಗಳಿಂದ, ಒಳ್ಳೆಯ ತರಬೇತಿಯಿಂದ ಖರ್ಚು ಉಳಿಸುವ ಏಜೆನ್ಸಿಗಳೂ ಇದ್ದಾವು. ಮಾಲ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಅದು ಸಾಧ್ಯ. ಎಪ್ಪತ್ತು ಮನೆಗಳ ಕಟ್ಟಡದ ಮೆಟ್ಟಿಲಿಗೆ ಬೇಕಾದದ್ದು ಮಾಪು, ಬಕೆಟ್ಟು ಮತ್ತು ಒಂದು ಜೊತೆ ಕೈ.

ಹಣಕ್ಕಿಂತ ನನಗೆ ಮುಖ್ಯವೆನಿಸುವುದು ತಿಳಿವಳಿಕೆಯ ಪ್ರಶ್ನೆ. ಬಿಲ್ಡರ್ ಕೊಟ್ಟುಹೋದ ನಕ್ಷೆಗೂ ನೆಲದಡಿಯ ಪೈಪುಗಳಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಕಾವೇರಿ ನೀರಿನ ಸಂಪು ಯಾವುದು, ಬೋರ್‌ವೆಲ್ ನೀರು ಯಾವ ಟ್ಯಾಂಕಿಗೆ ಏರುತ್ತದೆ, ಮೂರನೇ ಮಹಡಿಯ ಸೋರಿಕೆಗೆ ಯಾವ ವಾಲ್ವ್ ಮುಚ್ಚಬೇಕು ಎನ್ನುವುದು ಹಳೆಯ ಪ್ಲಂಬರನ ತಲೆಯಲ್ಲಿರುತ್ತದೆ. ಕೊಳಚೆ ನೀರಿನ ಶುದ್ಧೀಕರಣ ಘಟಕದ (ಎಸ್‌ಟಿಪಿ) ಸಂಗತಿಯಂತೂ ಇನ್ನೂ ಸೂಕ್ಷ್ಮ. ಕೊಳಚೆ ನೀರನ್ನು ಶುದ್ಧ ಮಾಡುವುದು ಬ್ಯಾಕ್ಟೀರಿಯಾ. ಬ್ಲೋವರ್ ನಿಂತರೆ ಅವಕ್ಕೆ ಆಮ್ಲಜನಕವಿಲ್ಲ. ಅನುಭವಿ ಆಪರೇಟರ್ ಒಂದು ಲೀಟರಿನ ಅಳತೆ ಜಾಡಿಯಲ್ಲಿ ಏರೇಶನ್ ಟ್ಯಾಂಕಿನ ನೀರು ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡುತ್ತಾನೆ. ಕೆಸರು ಕಂದು ಬಣ್ಣದಲ್ಲಿ 300 ಎಂಎಲ್ ಆಸುಪಾಸಿಗೆ ಕೂತು, ಮೇಲೆ ತಿಳಿನೀರು ನಿಂತರೆ ಸರಿ. ಕಪ್ಪಾಗಿ ನಾತ ಹೊಡೆದರೆ ರಾತ್ರಿ ಯಾರೋ ಬ್ಲೋವರ್ ಆರಿಸಿದ್ದಾರೆಂದು ಅವನಿಗೆ ಗೊತ್ತಾಗುತ್ತದೆ. ಮೂರು ತಿಂಗಳಿಗೊಮ್ಮೆ ಬದಲಾಗುವ ಹುಡುಗನಿಗೆ ಈ ಜಾಡಿ ತೋರಿಸಿಕೊಟ್ಟವರೇ ಇರುವುದಿಲ್ಲ. ಅವನು ರಿಜಿಸ್ಟರಿನಲ್ಲಿ ನಿನ್ನೆಯ ಅಂಕಿಯನ್ನೇ ಇವತ್ತೂ ಬರೆದು ಸಹಿ ಹಾಕುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಸಂಸ್ಥೆಗಳು ಕೆಲವನ್ನು ತಾವೇ ಮಾಡಿ ಕೆಲವನ್ನು ಪೇಟೆಯಲ್ಲಿ ಕೊಳ್ಳುವುದೇಕೆ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ಕೇಳಿದ್ದರು. ಪೇಟೆಗೆ ಹೋಗುವುದಕ್ಕೇ ಒಂದು ಖರ್ಚಿದೆ ಎನ್ನುವುದು ಅವರ ಉತ್ತರ: ದರ ವಿಚಾರಿಸುವುದು, ಕರಾರು ಮಾಡಿಕೊಳ್ಳುವುದು, ಇವೆಲ್ಲ. ಹೊರಗಿನವರು ಮಾಡಿದ ಕೆಲಸವನ್ನು ಪರೀಕ್ಷಿಸುವುದನ್ನೂ ನಾನು ಇದಕ್ಕೆ ಸೇರಿಸುತ್ತೇನೆ. ಲಿಫ್ಟಿಗೆ ಈ ಖರ್ಚು ಕಡಿಮೆ. ಅದರ ಜ್ಞಾನವಿರುವುದು ತಯಾರಕರ ಬಳಿ, ಪರವಾನಗಿಗೂ ತಪಾಸಣೆಗೂ 2012ರ ರಾಜ್ಯ ಕಾಯ್ದೆಯೇ ಇದೆ. ಅದನ್ನು ವಾರ್ಷಿಕ ಕರಾರಿಗೆ ಕೊಡುವುದೇ ಸರಿ. ಜನರೇಟರಿನ ದೊಡ್ಡ ರಿಪೇರಿ, ಹೊರಗೋಡೆಯ ಬಣ್ಣ ಇವೂ ಹಾಗೆಯೇ. ದಿನನಿತ್ಯ ಕಣ್ಣಿಡಬೇಕಾದದ್ದು, ಕೆಟ್ಟರೂ ತಡವಾಗಿ ಗೊತ್ತಾಗುವಂಥದ್ದು ಮಾತ್ರ ಮನೆಯವರ ಕೈಯಲ್ಲಿರಬೇಕು.

ಹಾಗೆಂದು ಸ್ವಂತ ನೇಮಕ ಎಂದ ಕೂಡಲೇ ಎಲ್ಲ ನೆಟ್ಟಗಾಗುವುದಿಲ್ಲ. ಚಿಕ್ಕ ಕಟ್ಟಡಗಳಲ್ಲಿ ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿರುವ ವಾಚ್‌ಮ್ಯಾನ್ ಕೂಡ ಸ್ವಂತ ನೇಮಕವೇ. ಗಂಡನಿಗೆ ಒಂದು ಸಂಬಳ. ಹೆಂಡತಿಯ ಗುಡಿಸಾಟ, ಮಕ್ಕಳು ಓಡಿ ತರುವ ಹಾಲಿನ ಪ್ಯಾಕೆಟ್ಟು ಪುಕ್ಕಟೆ. ರಜೆಯಿಲ್ಲ, ರಾತ್ರಿ ಎರಡಕ್ಕೆ ಹಾರ್ನ್ ಹೊಡೆದರೂ ಗೇಟು ತೆರೆಯಬೇಕು. ಇದಕ್ಕಿಂತ ಕಾಗದಪತ್ರ ಸರಿಯಿಟ್ಟ ಏಜೆನ್ಸಿ ಎಷ್ಟೋ ಮೇಲು. ಅಧ್ಯಕ್ಷರ ಕಾರು ತೊಳೆಯುವುದು ಎಲೆಕ್ಟ್ರೀಷಿಯನ್ನನ ಕೆಲಸವಾಗಿಬಿಡುವುದೂ ಇಂಥ ಕಡೆಯೇ.

ಗುತ್ತಿಗೆಯ ನಿಜವಾದ ಆಕರ್ಷಣೆ ಹೊಣೆ ದಾಟಿಸುವುದು. ಬಿದ್ದು ಕಾಲು ಮುರಿದರೆ, ಸಂಬಳ ತಡವಾದರೆ, "ಅದು ಏಜೆನ್ಸಿಯವರಿಗೆ ಬಿಟ್ಟದ್ದು" ಎನ್ನಬಹುದು. ಆದರೆ ಮಲಗುಂಡಿಯ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಇಳಿಸಬಾರದು ಎನ್ನುತ್ತದೆ 2013ರ ಕಾಯ್ದೆ. ನಡುವೆ ಗುತ್ತಿಗೆದಾರನಿದ್ದ ಎನ್ನುವುದು ಅಲ್ಲಿ ನೆಪವಾಗದು.

ಈ ವಾದವನ್ನು ಬೀದಿಗಿಳಿದು ಗೆದ್ದವರು ನಮ್ಮ ಊರಿನ ಪೌರಕಾರ್ಮಿಕರು. ವರ್ಷಗಟ್ಟಲೆ ಹೋರಾಡಿ ಮೊದಲು ಗುತ್ತಿಗೆದಾರರನ್ನು ನಡುವಿನಿಂದ ಸರಿಸಿ ಅಂದಿನ ಬಿಬಿಎಂಪಿಯಿಂದ ನೇರ ಸಂಬಳ ಪಡೆದರು. 2022ರಲ್ಲಿ ಖಾಯಮಾತಿಗಾಗಿ ಪೊರಕೆ ಕೆಳಗಿಟ್ಟರು. 2025ರ ಮೇ 1ರಂದು 12,692 ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ರಸ್ತೆ ಗುಡಿಸುವುದು ನಗರದ ಖಾಯಂ ಕೆಲಸ, ಗುಡಿಸುವವರು ಮಾತ್ರ ಹಂಗಾಮಿ ಹೇಗೆ ಎನ್ನುವುದು ಅವರ ಸರಳ ಪ್ರಶ್ನೆಯಾಗಿತ್ತು. ಗೇಟಿನ ಒಳಗೆ ಅದೇ ಪ್ರಶ್ನೆ ಕೇಳುವವರು ಇನ್ನೂ ಇಲ್ಲ. ಅಲ್ಲಿ ನಡೆಯುವುದು ಬೇರೆ: ಏಜೆನ್ಸಿ ಬದಲಾದಾಗ ಹೊಸಬರು ಹಳೆಯ ಕೆಲಸಗಾರರನ್ನೇ ಉಳಿಸಿಕೊಂಡು ಅಂಗಿಯ ಬಣ್ಣ ಬದಲಿಸುತ್ತಾರೆ. ನೀಲಿ ಹೋಗಿ ಹಸಿರು ಬರುತ್ತದೆ, ಅದೇ ಹೆಂಗಸು ಅದೇ ಲಾಬಿ ಒರೆಸುತ್ತಿರುತ್ತಾಳೆ, ಮತ್ತು ಗ್ರಾಚ್ಯುಟಿಗೆ ಬೇಕಾದ ಸೇವಾವಧಿಯ ಎಣಿಕೆ ಕಾಗದದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನೇರ ನೇಮಕ ಸಾಧ್ಯವೇ ಇಲ್ಲ ಎನ್ನುವ ಸಂಘಗಳು ಕರಾರಿನಲ್ಲಿ ಎರಡು ಸಾಲು ಸೇರಿಸಬಹುದು: ಕಳೆದ ತಿಂಗಳ ಪಿಎಫ್ ಚಲನ್ ಹೆಸರುಗಳ ಸಮೇತ ಕೊಟ್ಟ ಮೇಲೆಯೇ ಈ ತಿಂಗಳ ಬಿಲ್ಲು, ಏಜೆನ್ಸಿ ಬದಲಾದರೆ ಹಳೆಯ ಕೆಲಸಗಾರರ ಬಾಕಿ ಚುಕ್ತಾ ಆಗುವವರೆಗೆ ಠೇವಣಿ ವಾಪಸಿಲ್ಲ. ಚಿಕ್ಕ ಕಟ್ಟಡಗಳು ಅಕ್ಕಪಕ್ಕದ ನಾಲ್ಕು ಸೇರಿ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರೀಷಿಯನ್‌ನನ್ನು ಪೂರ್ಣಾವಧಿಗೆ ಇಟ್ಟುಕೊಳ್ಳಬಹುದು. ಇದನ್ನು ಪ್ರಸ್ತಾಪಿಸಿದರೆ ಸಭೆಯಲ್ಲಿ ಯಾರೂ ವಿರೋಧಿಸುವುದಿಲ್ಲ. ಉದ್ಯೋಗದಾತನ ಜಾಗದಲ್ಲಿ ಸಹಿ ಹಾಕುವವರು ಯಾರು ಎಂದಾಗ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ.